ಹೆದೆ ಎಳೆಯುವ ಕೈ

ಆರ್ವೋ ಹಿಯೆಟಲಾ ಆ ಶನಿವಾರ ಮಾಡಿದ ಮೊದಲ ತಪ್ಪೆಂದರೆ, ಜಿಂಕೆಗೆ ಬಾಣ ತಾಗಿದ ಖುಷಿಯಲ್ಲಿ ಅಟ್ಟಣೆಯ ಮೇಲಿಂದಲೇ ಹೆಂಡತಿಗೆ ಫೋನು ಮಾಡಿದ್ದು.

ಹೆಂಡತಿ ಐಲಿ ಆಗ ಚರ್ಚಿನ ನೆಲಮಾಳಿಗೆಯಲ್ಲಿ ಪ್ಯಾಸ್ಟಿಗೆ ಹಿಟ್ಟು ಲಟ್ಟಿಸುತ್ತಿದ್ದಳು. ಊರಿನ ಹೆಂಗಸರೆಲ್ಲ ಅಲ್ಲಿ ಸೇರಿ, ಮಾಂಸ ಆಲೂಗಡ್ಡೆ ತುಂಬಿದ ಆ ಕಡುಬುಗಳನ್ನು ಚರ್ಚಿನ ಚಾವಣಿ ರಿಪೇರಿಗೆಂದು ರಾಶಿ ರಾಶಿ ಬೇಯಿಸುವ ದಿನ ಅದು. ಕೈತುಂಬ ಹಿಟ್ಟು ಮೆತ್ತಿಕೊಂಡಿದ್ದ ಐಲಿ ಮೊಣಕೈಯಿಂದ ಫೋನಿನ ಸ್ಪೀಕರ್ ಒತ್ತಿದಳು. "ತಾಗ್ತು ಕಣೇ! ಕೊಂಬಿಗೆ ಹತ್ತು ಕವಲು!" ಎಂದು ಗಂಡ ಪಿಸುಗುಟ್ಟಿದ್ದು ನೆಲಮಾಳಿಗೆಯ ಆ ತುದಿಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವರಿಗೂ ಕೇಳಿಸಿತು. ಇನ್ನು ಊರಿಗೆ ಡಂಗುರ ಹೊಡೆಸುವ ಅಗತ್ಯವೇ ಇರಲಿಲ್ಲ.

ಬೇರೆ ಯಾವ ವರ್ಷವಾಗಿದ್ದರೂ ಇದು ಸಂತೋಷದ ಸುದ್ದಿಯೇ. ಈ ವರ್ಷ ಮಾತ್ರ ಆರ್ವೋ ಫೋನು ಜೇಬಿಗೆ ಹಾಕಿದ ಮರುಗಳಿಗೆಯೇ ತೊಡೆಯ ಮೇಲಿದ್ದ ಆಯುಧವನ್ನು ನೋಡಿ ಬೆವೆತ. ಅದು ಅಡ್ಡಬಿಲ್ಲು. ಬಂದೂಕಿನ ಮೈಗೆ ಬಿಲ್ಲನ್ನು ಅಡ್ಡಲಾಗಿ ಕೂರಿಸಿದ ಯಂತ್ರ. ಹೆದೆಯನ್ನು ಮನೆಯಲ್ಲೇ ಕೂತಂತೆ ಹಿಡಿಕೆ ತಿರುಗಿಸಿ ಎಳೆದು ಸಿಕ್ಕಿಸಿಟ್ಟರೆ ಆಯಿತು, ಜಿಂಕೆ ಬಂದಾಗ ಒಂದು ಬೆರಳಿನಿಂದ ಟ್ರಿಗರ್ ಒತ್ತಿದರೆ ಸಾಕು. ಸರ್ಕಾರ ಇದಕ್ಕೆ ಅನುಮತಿ ಕೊಟ್ಟು ಎಷ್ಟೋ ವರ್ಷವಾಗಿತ್ತು. ಆದರೆ ಆರ್ವೋ ಕೂತಿದ್ದ ಕಾಡು ಸರ್ಕಾರದ್ದಲ್ಲ, ಕಪ್ಪುತೊರೆ ಕೈಬಿಲ್ಲು ಸಂಘದ್ದು. ಬಿಲ್ಲಿನ ಬೇಟೆಯ ಕಾಲದಲ್ಲಿ ಅಲ್ಲಿ ತೋಳಿನಿಂದ ಎಳೆಯುವ ಬಿಲ್ಲು ಬಿಟ್ಟು ಬೇರೇನೂ ತರುವ ಹಾಗಿಲ್ಲ. ತಂದವನು ಸಂಘದಿಂದ ಹೊರಕ್ಕೆ. ಆರ್ವೋನ ಅಪ್ಪ ಗಣಿಯ ಕೆಲಸ ಮುಗಿಸಿ ಬಂದು ಕೂರುತ್ತಿದ್ದ ಹೆಮ್‌ಲಾಕ್ ಮರ, ಅಣ್ಣ ಕೂರುತ್ತಿದ್ದ ಮರ, ಈಗ ತಾನು ಕೂತಿರುವ ಮರ, ಎಲ್ಲ ಸಂಘದ ಬೇಲಿಯ ಒಳಗೇ ಇದ್ದವು. ಆ ಬೇಲಿಯ ಹೊರಗೆ ಆರ್ವೋಗೆ ಬಿಲ್ಲು ಬೇಟೆಯ ಅಕ್ಟೋಬರ್ ತಿಂಗಳೆಂಬುದೇ ಇರಲಿಲ್ಲ.

ಬಲಭುಜದ ಸ್ನಾಯು ಹರಿದು ಒಂದು ವರ್ಷವಾಗಿತ್ತು. ಕೈ ಎದೆಯ ಮಟ್ಟದಿಂದ ಮೇಲೆ ಏಳುತ್ತಿರಲಿಲ್ಲ. ಅಂಗಿಯ ತೋಳು ಐಲಿಯೇ ಹಾಕಬೇಕು, ತಲೆ ಬಾಚುವುದು ಎಡಗೈಯಲ್ಲಿ. "ಈ ವಯಸ್ಸಿನ ಭುಜ ಹಳೇ ಕಾಲುಚೀಲ ಇದ್ದ ಹಾಗೆ, ಹೊಲಿದ್ರೆ ಹೊಲಿಗೆ ಪಕ್ಕದಲ್ಲೇ ಹರಿಯತ್ತೆ" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸಂಘದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಪುಣ್ಯಕ್ಕೆ ಬೇಸಿಗೆಯ ಬಿಲ್ಲುಗಾರಿಕೆ ಪಂದ್ಯವನ್ನು ಆ ವರ್ಷ ಸೊಳ್ಳೆ ಕಾಟವೆಂದು ರದ್ದು ಮಾಡಿದ್ದರು. ಸೊಳ್ಳೆ ಅಲ್ಲಿ ಮನುಷ್ಯರಿಗಿಂತ ಮೊದಲಿನಿಂದ ಇರುವ ಪ್ರಾಣಿ, ಆದರೂ ಯಾರೊಬ್ಬರೂ ಆಕ್ಷೇಪ ಎತ್ತಲಿಲ್ಲ.

ಇನ್ನು ಆ ಅಡ್ಡಬಿಲ್ಲು ಬಂದದ್ದು ಓಯ್ವಾನ ಮನೆಯಿಂದ. ಓಯ್ವಾ ಆರ್ವೋನ ಗೆಳೆಯ, ಗಣಿಯಲ್ಲಿ ಜೊತೆಗೇ ಇಳಿದವನು. ಮೂರು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದ ಮೇಲೆ ಅಡ್ಡಬಿಲ್ಲು ಹಿಡಿದು ಕದ್ದು ಕಾಡಿಗೆ ಬಂದಿದ್ದ. ಅದನ್ನು ಕಂಡವನು ಆರ್ವೋ, ಸಭೆಯಲ್ಲಿ ಎದ್ದು ನಿಂತು "ನಿಯಮ ಅಂದ್ರೆ ನಿಯಮ" ಎಂದವನೂ ಆರ್ವೋ. ಓಯ್ವಾ ಗೇಟಿನ ಬೀಗದಕೈ ಮೇಜಿನ ಮೇಲಿಟ್ಟು ಹೋದ. ಚಳಿಗಾಲ ಮುಗಿಯುವುದರೊಳಗೆ ಸತ್ತ. ಮಣ್ಣು ಮಾಡಿ ಬಂದ ದಿನ ಅವನ ಹೆಂಡತಿ ಹೆಲ್ವಿ ಒಂದು ಉದ್ದದ ಪೆಟ್ಟಿಗೆ ತಂದು ಆರ್ವೋನ ಕೈಗೆ ಕೊಟ್ಟಳು. "ಇದು ಆರ್ವೋಗೇ ಸೇರ್ಬೇಕು, ಅವನಿಗೆ ಬೇಕಾಗತ್ತೆ ಅಂತ ಹೇಳಿದ್ದ" ಎಂದಳು. ಕ್ಷಮಿಸಿ ಕೊಟ್ಟನೋ ಶಪಿಸಿ ಕೊಟ್ಟನೋ ಎಂಬುದು ಆರ್ವೋಗೆ ಇವತ್ತಿಗೂ ಗೊತ್ತಾಗಿಲ್ಲ.

ಈಗ ಅವನು ಲಗುಬಗೆಯಿಂದ ಕೆಳಗಿಳಿದು, ಅಡ್ಡಬಿಲ್ಲನ್ನು ಆಲೂಗಡ್ಡೆ ಚೀಲಕ್ಕೆ ತುರುಕಿ, ಫರ್ ಮರದ ಉದುರುಕೊಂಬೆಗಳ ಅಡಿಯಲ್ಲಿ ಮುಚ್ಚಿದ. ತೋರಿಕೆಗೆಂದು ತಂದಿದ್ದ ಅಪ್ಪನ ಕಾಲದ ಕೈಬಿಲ್ಲನ್ನು ಹೆಗಲಿಗೆ ಹಾಕಿಕೊಂಡ. ಇನ್ನೇನು ರಕ್ತದ ಜಾಡು ಹಿಡಿಯಬೇಕು, ಅಷ್ಟರಲ್ಲಿ ನಾಯಿ ಬೊಗಳಿತು.

ಬಂದವರು ಇಬ್ಬರು. ಒಬ್ಬ ಸಂಘದ ಅಧ್ಯಕ್ಷ ಕ್ಲಿಫರ್ಡ್ ಟ್ರೆಂಬಾತ್. ಜಿಂಕೆಯ ಒಂದು ಕೂದಲು ಸಿಕ್ಕಿದರೆ ಅದರ ಅಜ್ಜಿಯ ಹೆಸರು ಹೇಳಬಲ್ಲೆನೆಂದು ನಂಬಿದವನು. ಇನ್ನೊಬ್ಬ ಟೌನೋ, ಗಾಯಗೊಂಡ ಜಿಂಕೆ ಹುಡುಕಲು ಪಳಗಿಸಿದ ಮೋಟುಗಾಲಿನ ನಾಯಿ ಪಿಕ್ಕುವಿನ ಯಜಮಾನ.

"ಒಬ್ಬನೇ ಹೊರಟಿದ್ಯಲ್ಲೋ ಮಾರಾಯ! ನಾವೇನು ಸತ್ತಿದ್ವಾ?" ಎಂದ ಕ್ಲಿಫರ್ಡ್.

"ನಿಮಗ್ಯಾಕೆ ತೊಂದ್ರೆ ಅಂತ."

"ತೊಂದ್ರೆಯಂತೆ! ಇಪ್ಪತ್ತು ಹೆಂಗಸ್ರು ಪ್ಯಾಸ್ಟಿ ಬಿಟ್ಟು ನಿನ್ನ ಜಿಂಕೆ ಮಾತಾಡ್ತಿದಾರೆ. ಇರ್ಲಿ, ಬಾಣ ಎಲ್ಲಿ?"

ಬಿಲ್ಲುಗಾರರು ಕೇಳುವ ಮೊದಲ ಪ್ರಶ್ನೆಯೇ ಅದು. ಬಾಣದ ಮೇಲಿನ ರಕ್ತ ನೋಡಿದರೆ ಎಲ್ಲಿಗೆ ತಾಗಿದೆ, ಎಷ್ಟು ಹೊತ್ತು ಕಾಯಬೇಕು ಎಲ್ಲ ಗೊತ್ತಾಗುತ್ತದೆ. ಆರ್ವೋನ ನಿಜವಾದ ಬಾಣ ಜಿಂಕೆಯ ಮೈಯೊಳಗಿತ್ತು. ಅಡ್ಡಬಿಲ್ಲಿನ ಬಾಣ ಮೊಳಕ್ಕಿಂತ ಸ್ವಲ್ಪ ಉದ್ದ ಅಷ್ಟೇ, ಕೈಬಿಲ್ಲಿನ ಬಾಣದ ಪಕ್ಕ ಇಟ್ಟರೆ ತುಂಡು ಪೆನ್ಸಿಲ್ಲಿನ ಹಾಗೆ. ಕುರುಡನೂ ತಡವಿ ಹೇಳಿಬಿಟ್ಟಾನು.

"ಮೈ ತೂರಿ ಆರ್‌ಪಾರ್ ಹೋಯ್ತು ಕಣೋ. ಜರಿಗಿಡದೊಳಗೆ ಎಲ್ಲೋ ಬಿದ್ದಿರ್ಬೇಕು."

"ಹುಡುಕೋಣ" ಎಂದು ಇಬ್ಬರೂ ಬಗ್ಗಿದರು.

ಇಲ್ಲದ ಬಾಣ ಎಷ್ಟು ಹೊತ್ತು ಹುಡುಕಿದರೆ ಸಿಕ್ಕೀತು? ಕ್ಲಿಫರ್ಡ್ ಹುಬ್ಬು ಗಂಟಿಕ್ಕತೊಡಗಿದ. ಆಗ ಆರ್ವೋ ಎರಡನೇ ತಪ್ಪು ಮಾಡಿದ. ಬತ್ತಳಿಕೆಯಿಂದ ಉದ್ದದ ಬಾಣವೊಂದನ್ನು ಮೆಲ್ಲಗೆ ಎಳೆದು, ಎಲೆಯ ಮೇಲಿದ್ದ ರಕ್ತಕ್ಕೆ ಒರೆಸಿ, ಜೌಗಿನಲ್ಲಿ ಚುಚ್ಚಿ, "ಸಿಕ್ತು!" ಎಂದು ಕೂಗಿದ.

ಕ್ಲಿಫರ್ಡ್ ಬಾಣವನ್ನು ಎಡಗೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದ. ಮೂಸಿದ. ಮುಖ ಸಿಂಡರಿಸಿದ. ಜೌಗಿನ ಕೊಳೆನಾತ ಅವನ ಮೂಗಿಗೆ ಬೇರೆಯೇ ಕತೆ ಹೇಳಿತು.

"ಹೊಟ್ಟೆಗೆ ಬಿದ್ದಿದೆ ಆರ್ವೋ. ಕರುಳಿನ ವಾಸನೆ. ಈಗ ಬೆನ್ನು ಹತ್ತಿದ್ರೆ ಪಕ್ಕದ ಜಿಲ್ಲೆಗೆ ಓಡತ್ತೆ. ನಾಲ್ಕು ಗಂಟೆ ಕಾಯ್ಲೇಬೇಕು."

"ಹಾಗಾದ್ರೆ ನೀವು ಮನೆಗೆ ಹೋಗಿ. ನಾನು ಕಾದಿರ್ತೀನಿ."

"ಗೆಳೆಯನ್ನ ಕಾಡಲ್ಲಿ ಬಿಟ್ಟು ಹೋಗೋ ಜಾತಿ ಅಲ್ಲಪ್ಪ ನಮ್ಮದು." ಕ್ಲಿಫರ್ಡ್ ಮರದ ಬುಡದಲ್ಲಿ ಕೂತೇಬಿಟ್ಟ. ಫ್ಲಾಸ್ಕನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎಡಗೈಯಿಂದ ಮುಚ್ಚಳ ತಿರುಗಿಸಿದ.

ಕಾಫಿಯ ಜೊತೆಗೆ ಮಾತು ಬಂತು, ಮಾತು ಅಡ್ಡಬಿಲ್ಲಿಗೆ ಬಂತು. ಆ ಕಾಡಿನಲ್ಲಿ ಇಬ್ಬರು ಕೂತರೆ ಬರುವುದು ಅದೇ. ಹೊಸ ಸದಸ್ಯರು ಬರುತ್ತಿಲ್ಲ, ಅಡ್ಡಬಿಲ್ಲಿಗೆ ಬಾಗಿಲು ತೆರೆಯೋಣ ಎಂದು ಆ ವಸಂತದಲ್ಲಿ ಯಾರೋ ಹೆಸರಿಲ್ಲದ ಚೀಟಿಯೊಂದನ್ನು ಸಲಹೆ ಡಬ್ಬಿಗೆ ಹಾಕಿದ್ದರು. ಕ್ಲಿಫರ್ಡ್‌ಗೆ ಅದಿನ್ನೂ ಅರಗಿರಲಿಲ್ಲ.

"ಮದ್ದಿಲ್ಲದ ಬಂದೂಕು ಅದು, ಬಿಲ್ಲು ಅಂತಾರೆ! ಜಿಂಕೆ ಇಪ್ಪತ್ತು ಹೆಜ್ಜೆಯಲ್ಲಿ ನಿಂತು ನಿನ್ನ ಕಣ್ಣನ್ನೇ ನೋಡ್ತಿರುವಾಗ ಹೆದೆ ಎಳೆದು, ತೋಳು ನಡುಗ್ತಿದ್ರೂ ಉಸಿರು ಕಟ್ಟಿ ನಿಲ್ಬೇಕು. ಅದು ಬೇಟೆ. ಕುರ್ಚಿ ಮೇಲೆ ಕೂತು ಗುಂಡಿ ಒತ್ತೋದಲ್ಲ. ಏನಂತೀಯ ಆರ್ವೋ?"

"ಹೌದೌದು" ಎಂದ ಆರ್ವೋ.

"ಕೈಲಾಗಲ್ವಾ, ಮನೇಲಿ ಕೂರ್ಲಿ. ಅಲ್ವೇನೋ ಟೌನೋ?"

ಟೌನೋ ನಾಯಿಯ ಕಿವಿ ತುರಿಸಿದ. ನಾಯಿಯಾದರೋ ಈ ಚರ್ಚೆಯಿಂದ ಬೇಸತ್ತು ಎದ್ದು, ನೆಟ್ಟಗೆ ಫರ್ ಕೊಂಬೆಗಳ ರಾಶಿಗೆ ಮೂಗು ತೂರಿಸಿತು. ಆಲೂಗಡ್ಡೆ ಚೀಲದಲ್ಲಿ ಆರ್ವೋ ಬುತ್ತಿಯ ಸಾಸೇಜನ್ನೂ ಇಟ್ಟುಬಿಟ್ಟಿದ್ದ. ಚೀಲದ ಬಾಯಿ ಕಾಣಿಸಿತು. ಓಯ್ವಾ ಮೇಜಿನ ಮೇಲಿಟ್ಟ ಬೀಗದಕೈ ಆರ್ವೋನ ಕಣ್ಣ ಮುಂದೆ ಬಂತು.

ಅಚ್ಚರಿಯೆಂದರೆ ಟೌನೋ ಒಂದು ಗಳಿಗೆ ಆ ಚೀಲವನ್ನು ನೋಡಿದ, ಆರ್ವೋನನ್ನು ನೋಡಿದ, ನಾಯಿಯನ್ನು ಎಳೆದುಕೊಂಡ. "ಅಳಿಲು ಇರ್ಬೇಕು. ಪಿಕ್ಕು, ಬಾ ಈಚೆ!" ಎಂದ. ಹಗ್ಗದ ಎಳೆತಕ್ಕೆ ನಾಯಿ ತಿರುಗಿದ್ದು ಸರಿಯಾಗಿ ರಕ್ತದ ಜಾಡಿನ ಕಡೆಗೆ. ಆಮೇಲೆ ಅದನ್ನು ತಡೆಯಲು ಮೂವರಿಂದಲೂ ಆಗಲಿಲ್ಲ. ನಾಲ್ಕು ಗಂಟೆ ಕಾಯುವ ಶಾಸ್ತ್ರ ಅಲ್ಲಿಗೆ ಮುಗಿಯಿತು.

ಜಿಂಕೆ ದೂರ ಹೋಗಿರಲಿಲ್ಲ. ತೊರೆಯ ಅಂಚಿನ ಪೊದೆಯ ನಡುವೆ, ಮಲಗಿ ನಿದ್ದೆ ಹೋದಂತೆ ಸತ್ತು ಬಿದ್ದಿತ್ತು. ಕೊಂಬಿನ ಕವಲುಗಳು ನೀರಿನಲ್ಲಿ ಅರ್ಧ ಮುಳುಗಿದ್ದವು. ಅರವತ್ತೆಂಟು ವರ್ಷದ ಬದುಕಿನಲ್ಲಿ ಆರ್ವೋ ಹೊಡೆದ ಅತಿ ದೊಡ್ಡ ಜಿಂಕೆ. ಅವನಿಗೆ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ಸುಮ್ಮನೆ ಕೂರಬೇಕೆನಿಸಿತು, ಅಪ್ಪ ಕೂರುತ್ತಿದ್ದ ಹಾಗೆ. ಆದರೆ ಮುಂಗಾಲಿನ ಹಿಂದೆ, ಪಕ್ಕೆಯಿಂದ ಹೊರಗೆ ಚಾಚಿದ್ದ ಹಳದಿ ಗರಿಯ ಮೋಟು ಬಾಣ ಮೂವರ ಕಣ್ಣಿಗೂ ಒಟ್ಟಿಗೆ ಬಿತ್ತು.

ಕ್ಲಿಫರ್ಡ್ ಗರಿಯ ಬಣ್ಣವನ್ನು ಬಗ್ಗಿ ನೋಡಿದ. ಟೌನೋ ಕೂಡ ಬಗ್ಗಿ ನೋಡಿದ. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

"ಅಡ್ಡಬಿಲ್ಲು" ಎಂದ ಕ್ಲಿಫರ್ಡ್. "ನಮ್ಮ ಕಾಡಲ್ಲಿ!"

"ಯಾರದ್ದೋ ಏನೋ" ಎಂದ ಆರ್ವೋ. "ನಂದಂತೂ ಅಲ್ಲ."

ಮಾತು ಅಷ್ಟಕ್ಕೇ ನಿಂತಿದ್ದರೆ ಆ ದಿನ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಕ್ಲಿಫರ್ಡ್ ಜಿಂಕೆಯನ್ನು ಆಚೆ ಈಚೆ ಹೊರಳಿಸಿ ಮೈಯೆಲ್ಲ ತಡವಿದ. "ಆರ್ವೋ, ಇದಕ್ಕಿರೋದು ಒಂದೇ ತೂತು."

"ಅಂದ್ರೆ?"

"ಅಂದ್ರೆ ನೀನು ಹೊಡೆದ ಜಿಂಕೆ ಇದಲ್ಲ! ನಿನ್ನ ಬಾಣ ಆರ್‌ಪಾರ್ ಹೋಗಿದೆ, ರಕ್ತ ಇದೆ, ಹೊಟ್ಟೆ ವಾಸನೆ ಇದೆ. ನಿನ್ನ ಜಿಂಕೆ ಬೇರೆ. ಇಲ್ಲೇ ಎಲ್ಲೋ ಕರುಳು ಎಳ್ಕೊಂಡು ಒದ್ದಾಡ್ತಿದೆ ಪಾಪ." ಕ್ಲಿಫರ್ಡ್‌ನ ಕಣ್ಣು ನಿಜಕ್ಕೂ ತೇವವಾಯಿತು. "ನಡೀರಿ. ಹುಡುಕದೆ ಮನೆಗೆ ಹೋಗೋ ಹಾಗಿಲ್ಲ."

ಹೀಗೆ, ಹೊಡೆದ ಜಿಂಕೆಯನ್ನು ಅಲ್ಲೇ ಬಿಟ್ಟು ಹೊಡೆಯದ ಜಿಂಕೆಯನ್ನು ಹುಡುಕಲು ಮೂವರೂ ಹೊರಟರು. ಮಧ್ಯಾಹ್ನ ಕಳೆಯಿತು. ಸರೋವರದ ಕಡೆಯಿಂದ ಗಾಳಿ ಎದ್ದು, ಮಳೆಗೆ ಹಿಮದ ಹರಳು ಸೇರಿ ಮುಖಕ್ಕೆ ಚುಚ್ಚತೊಡಗಿತು. ಆರ್ವೋ ಜೌಗಿನಲ್ಲಿ ಮಂಡಿಯವರೆಗೆ ಇಳಿದು, ತಾನೇ ಕಟ್ಟಿದ ಸುಳ್ಳಿನ ಹಿಂದೆ ಪೊದೆ ಪೊದೆ ಅಲೆದ. ಒಮ್ಮೆ ನಾಯಿ ಟೌನೋನ ಅಟ್ಟಣೆಯ ಕಡೆಗೆ ಜೋರಾಗಿ ಎಳೆಯಿತು. "ಅಲ್ಲೇನೂ ಇಲ್ಲ, ನಾನು ಬೆಳಿಗ್ಗೆನೇ ನೋಡಿದೀನಿ" ಎಂದು ಟೌನೋ ಅದನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡು ಬಂದ. ಬೇಗ ಮುಗಿದರೆ ಸಾಕೆಂದಿದ್ದ ಆರ್ವೋಗೆ ಅವನ ಮೇಲೆ ಪ್ರೀತಿಯೇ ಉಕ್ಕಿತು.

ಕತ್ತಲು ಕವಿಯತೊಡಗಿದಾಗ ಕ್ಲಿಫರ್ಡ್ ಟೋಪಿ ತೆಗೆದು ನಿಂತ. "ಸಂಘದ ಪದ್ಧತಿ ನಿನಗೆ ಹೇಳ್ಬೇಕಾಗಿಲ್ಲ ಆರ್ವೋ. ವರ್ಷಕ್ಕೆ ಒಬ್ಬನಿಗೆ ಒಂದೇ ಜಿಂಕೆ, ಗಾಯ ಮಾಡಿ ಕಳ್ಕೊಂಡದ್ದೂ ಆ ಲೆಕ್ಕಕ್ಕೇ. ಈ ವರ್ಷಕ್ಕೆ ನಿನ್ನ ಬೇಟೆ ಮುಗೀತು."

ಆ ಪದ್ಧತಿಯನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದವನೂ ಆರ್ವೋನೇ. ಅವನು ತಲೆಯಾಡಿಸಿದ.

ಸಾಕ್ಷಿಗೆಂದು ಸತ್ತ ಜಿಂಕೆಯನ್ನು ಸಂಘದ ಗುಡಿಸಲಿಗೆ ಎಳೆದೊಯ್ಯಬೇಕಿತ್ತು. ಆರ್ವೋ ಜಿಂಕೆಯ ಬಲಬದಿಗೆ ಹೋದರೆ ಕ್ಲಿಫರ್ಡ್ ಆಗಲೇ ಅಲ್ಲಿದ್ದ, ಹಿಂದೆಯೇ ಟೌನೋ ಬಂದ. ಮೂವರೂ ಒಂದೇ ಕೊಂಬಿಗೆ ಕೈಹಾಕಿದರು.

"ಆ ಕಡೆ ಹೋಗೋ ಟೌನೋ."

"ಆ ಕಡೆ ಜಾರತ್ತೆ. ನೀನು ಹೋಗು."

"ನಾನು ಅಧ್ಯಕ್ಷ ಕಣಯ್ಯ!"

ಕೊನೆಗೆ ಕೊಂಬಿಗೆ ಹಗ್ಗ ಕಟ್ಟಿ, ಮೂವರೂ ಸೊಂಟಕ್ಕೆ ಸುತ್ತಿಕೊಂಡು, ಗಾಣದ ಎತ್ತುಗಳ ಹಾಗೆ ಏದುಸಿರು ಬಿಡುತ್ತ ಎಳೆದರು. ತನ್ನ ಜಿಂಕೆ ಬೆನ್ನ ಹಿಂದೆ ಎಲೆಗಳ ಮೇಲೆ ಸರಸರ ಬರುತ್ತಿರುವುದನ್ನು ಕೇಳುತ್ತ ಆರ್ವೋ ನಡೆದ. ಅಳು ಬಂದಿತ್ತು. ಮಳೆ ಇದ್ದದ್ದು ಒಳ್ಳೆಯದಾಯಿತು.

ಗುಡಿಸಲಿನಲ್ಲಿ ಸಂಘದ ಅಷ್ಟೂ ಜನ ಸೇರಿದ್ದರು. ಎಲ್ಲ ಆರ್ವೋನ ವಾರಿಗೆಯವರು. ಗಣಿಯಲ್ಲಿ, ಮರ ಕಡಿಯುವುದರಲ್ಲಿ ಮೈ ಸವೆಸಿದವರು. ಸೀಮೆಎಣ್ಣೆ ಒಲೆಯ ಸುತ್ತ ಒದ್ದೆ ಕೋಟುಗಳು ಹಬೆಯಾಡುತ್ತಿದ್ದವು. ನಡುವೆ ಜಿಂಕೆ, ಅದರ ಪಕ್ಕೆಯಲ್ಲಿ ಹಳದಿ ಗರಿ. ಬೇಟೆ ಇಲಾಖೆಯ ಅಧಿಕಾರಿಗೆ ಫೋನು ಮಾಡಿದ್ದಾಯಿತು, ಒಡೆಯರು ಬರದಿದ್ದರೆ ಕಷ್ಟದಲ್ಲಿರುವವರಿಗೆ ಕೊಟ್ಟುಬಿಡಿ ಎಂದಿದ್ದರು.

"ಹೆಲ್ವಿಗೆ ಕಳಿಸೋಣ" ಎಂದ ಕ್ಲಿಫರ್ಡ್. "ಪಾಪ, ಓಯ್ವಾ ಹೋದ ಮೇಲೆ ಆ ಮನೆಗೆ ಜಿಂಕೆ ಮಾಂಸ ಹೋಗಿಲ್ಲ."

ಆರ್ವೋ ಸದಸ್ಯರ ಹೆಸರು ಕೆತ್ತಿದ ಗೋಡೆ ನೋಡಿದ. ಓಯ್ವಾನ ಅಡ್ಡಬಿಲ್ಲು ಓಯ್ವಾನ ಮನೆಗೇ ಮಾಂಸ ಒದಗಿಸಿಕೊಂಡಿತ್ತು.

"ಈಗ ವಿಷಯಕ್ಕೆ ಬರೋಣ" ಎಂದ ಕ್ಲಿಫರ್ಡ್. "ಇದು ನಮ್ಮಲ್ಲೇ ಒಬ್ಬನ ಕೆಲಸ. ಯಾರು ಅಂತ ಎದ್ದು ಹೇಳಿದ್ರೆ ಸರಿ."

ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ಆರ್ವೋಗೆ ಒಂದು ಗಳಿಗೆ ಏಳಬೇಕೆನಿಸಿತು. ಎದ್ದು, ನನ್ನದು ಕಣ್ರೋ, ಈ ತೋಳು ಏಳೋದಿಲ್ಲ, ಓಯ್ವಾಗೂ ಏಳ್ತಿರಲಿಲ್ಲ ಎಂದುಬಿಡಬೇಕೆನಿಸಿತು. ಮಂಡಿ ಅರ್ಧ ನೆಟ್ಟಗೂ ಆಯಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಹೊರಗೆ ಹಾಕೋದು ಸಾಲದು, ಅವನ ಹೆಸರನ್ನ ಗೋಡೆ ಮೇಲಿಂದ ಕೆರೆದು ಹಾಕ್ಬೇಕು" ಎಂದರು. "ಅವನಪ್ಪನ ಹೆಸರನ್ನೂ!" ಎಂದರು ಇನ್ಯಾರೋ. ಒಬ್ಬರಿಗಿಂತ ಒಬ್ಬರ ದನಿ ಏರುತ್ತ ಹೋಯಿತು. ಸುಮ್ಮನಿದ್ದವನ ಮೇಲೆ ಎಲ್ಲರ ಕಣ್ಣು ಬೀಳುವ ಹೊತ್ತು ಅದು, ಆರ್ವೋ ಸುಮ್ಮನಿದ್ದ.

"ಆರ್ವೋ ಏನಂತಾನೆ?" ಎಂದ ಕ್ಲಿಫರ್ಡ್. "ಎದ್ದಿದಾನೆ ನೋಡಿ. ಮೂರು ವರ್ಷದ ಹಿಂದೆ ದಾರಿ ತೋರಿಸಿದವನು ಅವನೇ."

ಅರ್ಧ ಎದ್ದವನು ಪೂರ್ತಿ ಏಳಬೇಕಾಯಿತು. ಅವನ ತಲೆಯಲ್ಲಿ ಆಗ ಒಂದು ಬೆಳಕು ಮೂಡಿತು, ಆ ದಿನದ ಮೂರನೇ ತಪ್ಪು ಅದೇ. ತನ್ನ ಬೇಟೆಯಂತೂ ಈ ವರ್ಷಕ್ಕೆ ಮುಗಿದಿದೆ. ಎಂಥ ಪರೀಕ್ಷೆ ಇಟ್ಟರೂ ತಾನು ಅದಕ್ಕೆ ನಿಲ್ಲಬೇಕಾಗಿಲ್ಲ.

"ಮಾತು ಬೇಡ" ಎಂದ ಅವನು, ದನಿ ಗಟ್ಟಿ ಮಾಡಿಕೊಂಡು. "ನಾಳೆಯಿಂದ ಕಾಡಿಗೆ ಹೋಗೋ ಪ್ರತಿಯೊಬ್ಬನೂ ಈ ಗುಡಿಸಲ ಮುಂದೆ ನಿಂತು, ಎಲ್ಲರ ಎದುರಿಗೆ ಬಿಲ್ಲು ಪೂರ್ತಿ ಎಳೆದು, ಹತ್ತು ಎಣಿಸೋವರೆಗೆ ಹಿಡಿದು ತೋರಿಸ್ಬೇಕು. ಆಗ್ದೇ ಇದ್ದವನಿಗೆ ಗೇಟಿನ ಬೀಗದಕೈ ಇಲ್ಲ. ಪ್ರತಿ ವರ್ಷ."

ಗುಡಿಸಲು ಗಕ್ಕನೆ ಮೌನವಾಯಿತು. ಅದನ್ನು ಆರ್ವೋ ಮೆಚ್ಚುಗೆಯೆಂದುಕೊಂಡ.

"ಒಳ್ಳೆ ಮಾತು" ಎಂದ ಕ್ಲಿಫರ್ಡ್, ಕೊಂಚ ತಡವಾಗಿ. "ಬಹಳ... ಒಳ್ಳೆ ಮಾತು. ಮತಕ್ಕೆ ಹಾಕ್ತೀನಿ. ನಮ್ಮ ಹಿರಿಯರ ಪದ್ಧತಿ ಗೊತ್ತಲ್ಲ, ಹೆದೆ ಎಳೆಯೋ ಕೈ ಎತ್ತಬೇಕು. ಒಪ್ಪಿಗೆ ಇರೋರು?"

ಆರ್ವೋಗೆ ಆಗಲೇ ಹೊಳೆದದ್ದು. ಸಂಘದಲ್ಲಿ ಎಡಚರು ಯಾರೂ ಇರಲಿಲ್ಲ. ಹೆದೆ ಎಳೆಯುವ ಕೈ ಎಂದರೆ ಬಲಗೈ. ತನ್ನ ಬಲಗೈ ಎದೆಯ ಮಟ್ಟ ದಾಟುವುದಿಲ್ಲ. ತನ್ನ ನಿಯಮಕ್ಕೆ ತಾನೇ ಕೈಯೆತ್ತದಿದ್ದರೆ ಮುಗಿಯಿತು. ಹಲ್ಲು ಕಚ್ಚಿ ಬಲಗೈ ಎತ್ತಲು ನೋಡಿದ, ಕಣ್ಣು ಕತ್ತಲಿಟ್ಟಿತು. ಬೇರೆ ದಾರಿಯಿಲ್ಲದೆ ಎಡಗೈಯನ್ನೇ ಎತ್ತಿ, ಈಗ ಯಾರಾದರೂ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ಕಣ್ಣು ಮುಚ್ಚಿ ನಿಂತ.

ಯಾರೂ ಕೇಳಲಿಲ್ಲ. ಮೆಲ್ಲಗೆ ಕಣ್ಣು ತೆರೆದ.

ಒಲೆಯ ಬೆಳಕಿನಲ್ಲಿ ಸುತ್ತಲೂ ಕೈಗಳು ಎದ್ದಿದ್ದವು. ಟೌನೋನದು, ಹಿಂದಿನ ಬೆಂಚಿನವರದು, ಹೆಸರು ಕೆರೆಯಬೇಕೆಂದವರದು, ಅಧ್ಯಕ್ಷ ಕ್ಲಿಫರ್ಡ್ ಟ್ರೆಂಬಾತ್‌ನದು. ಒಂದು ಬಿಡದೆ ಎಲ್ಲವೂ ಎಡಗೈ.

ಯಾರೂ ಯಾರ ಕೈಯನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಜಿಂಕೆಯನ್ನು ನೋಡುತ್ತಿದ್ದರು.

"ಸರ್ವಾನುಮತ" ಎಂದ ಕ್ಲಿಫರ್ಡ್, ಕೈ ಇಳಿಸಿ. ದನಿಯಲ್ಲಿ ಜೀವವಿರಲಿಲ್ಲ. "ನಾಳೆ ಬೆಳಿಗ್ಗೆಯಿಂದ ಜಾರಿ. ಸಭೆ ಮುಗೀತು."

ಎಲ್ಲರೂ ಎದ್ದು ಕೋಟು ಹಾಕಿಕೊಳ್ಳತೊಡಗಿದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಒಬ್ಬ ಗೋಡೆಗೆ ಒರಗಿ ತೋಳು ತೂರಿಸಿದ, ಒಬ್ಬ ಕೋಟನ್ನು ಬೆಂಚಿನ ಮೇಲೆ ಹಾಸಿ ಬಗ್ಗಿ ಒಳಗೆ ನುಸುಳಿದ, ಟೌನೋ ಬಲತೋಳನ್ನು ಖಾಲಿಯೇ ಬಿಟ್ಟು ಗುಂಡಿ ಹಾಕಿಕೊಂಡ. ಯಾರೂ ಯಾರಿಗೂ ನೆರವಾಗಲಿಲ್ಲ. ನೆರವಾದರೆ ಮಾತಾಡಬೇಕಾಗುತ್ತಿತ್ತು.

ಮನೆಯಲ್ಲಿ ಐಲಿ ಬಿಸಿ ಪ್ಯಾಸ್ಟಿ ಇಟ್ಟುಕೊಂಡು ಕಾದಿದ್ದಳು. ಒದ್ದೆ ಕೋಟಿನ ಬಲತೋಳನ್ನು ಹುಷಾರಾಗಿ ಬಿಚ್ಚುತ್ತ, "ಜಿಂಕೆ ಎಲ್ಲಿ?" ಎಂದಳು.

"ಹೆಲ್ವಿ ಮನೇಲಿ."

"ಅದ್ಯಾಕೆ? ಮತ್ತೆ ಸಭೆ ಗಿಭೆ ಅಂತ ಹೆಂಗಸ್ರು ಮಾತಾಡ್ತಿದ್ರು. ಏನಾಯ್ತು ಅಲ್ಲಿ?"

ಆರ್ವೋ ಕುರ್ಚಿಯಲ್ಲಿ ಕುಸಿದು ಬೂಟಿನ ದಾರಕ್ಕೆ ಎಡಗೈ ಹಾಕಿದ.

"ಗೆದ್ವಿ" ಎಂದ.